ಕಾಡು ಕಾಯುವ ಹಳೇ ಕ್ರಮಗಳ ಬಗ್ಗೆ ಪ್ರಾಜೆಕ್ಟ್: ನಮ್ಮ ಕಡೆ ಎಲ್ಲಿಂದ ಶುರು ಮಾಡಲಿ?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಕೊನೇ ಸೆಮಿಸ್ಟರ್‌ಗೆ ಪ್ರಾಜೆಕ್ಟ್ ಇದೆ. ಆದಿವಾಸಿಗಳು, ಕಾಡಂಚಿನ ಜನ ಕಾಡು, ನೀರು, ಹುಲ್ಲುಗಾವಲನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಅನ್ನೋದು ವಿಷಯ. ಗೈಡ್ ಒಪ್ಪಿದ್ದಾರೆ. ಆದರೆ ಓದೋಕೆ ಕೊಟ್ಟಿದ್ದೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದ್ದು. ಓದಿದೆ, ಚೆನ್ನಾಗಿದೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇಳಿತದಲ್ಲಿ ಸಮುದ್ರ ಹಿಂದೆ ಸರಿಯುವ ಜಾಗಕ್ಕೆ ಕಲ್ಲಿನ ಗೋಡೆ ಕಟ್ಟಿ, ಮರಳು ನಿಲ್ಲಿಸಿ, ಚಿಪ್ಪುಮೀನು ಬೆಳೆಸುತ್ತಿದ್ದರು. ಕೆಲವು ಗೋಡೆಗಳಿಗೆ 3,500 ವರ್ಷ ವಯಸ್ಸಂತೆ.

ನಾನು ಫೀಲ್ಡ್ ವರ್ಕ್ ಮಾಡಬೇಕಾಗಿರುವುದು ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಬಸ್ಸಲ್ಲಿ ಹೋಗಿ ಬರುವಷ್ಟು ದೂರ ಇದ್ದರೆ ಒಳ್ಳೆಯದು. ಸದ್ಯಕ್ಕೆ ಅಂದುಕೊಂಡಿರುವುದು ಇಷ್ಟು: ಸಕಲೇಶಪುರ, ಮೂಡಿಗೆರೆ ಕಡೆಯ ದೇವರಕಾಡು, ನಾಗಬನಗಳ ಪಟ್ಟಿ ಮಾಡೋದು, ಅಲ್ಲಿನ ಮರಗಳ ಹೆಸರು ಬರೆದುಕೊಳ್ಳೋದು, ಊರಿನ ಹಿರಿಯರಿಗೆ ಒಂದು ಪ್ರಶ್ನಾವಳಿ ಕೊಡೋದು. ಇಷ್ಟು ಸಾಕಾ? ಬೇರೆ ಏನಾದರೂ ನೋಡಬೇಕಾ? ಗೊತ್ತಿರುವವರು ಹೇಳಿ.

ಕಾನುಕೋಳಿ (ಕೊಪ್ಪ ಕಡೆ)

ಪ್ರಶ್ನಾವಳಿ ಮನೇಲೇ ಇಟ್ಟು ಬನ್ನಿ. ಬೇಜಾರು ಮಾಡಿಕೊಳ್ಳಬೇಡಿ.

ನಾವು ಗೌಡಲು ಬುಡಕಟ್ಟಿನವರು. ನಮ್ಮ ಮನೆಗಳ ಕಡೆ ಹಾಳೆ ಹಿಡಿದು ಬಂದವರು ಬೇಕಾದಷ್ಟು ಜನ. ಒಬ್ಬರು ನಮ್ಮ ಅಜ್ಜಿ ಪಕ್ಕ ಕೂತು ಔಷಧಿ ಗಿಡದ ಹೆಸರೆಲ್ಲ ಬರೆದುಕೊಂಡರು, ಫೋಟೋ ಹೊಡೆದುಕೊಂಡರು. ಅವರಿಗೆ ಡಿಗ್ರಿ ಬಂತೋ ಪುಸ್ತಕ ಬಂತೋ, ನಮಗೆ ಒಂದು ಹಾಳೆಯೂ ತಿರುಗಿ ಬರಲಿಲ್ಲ.

ಇನ್ನೊಂದು ವಿಷಯ. "ಕಾಡನ್ನು ಹೇಗೆ ರಕ್ಷಿಸುತ್ತಿದ್ದಿರಿ" ಅಂತ ಕೇಳಿದರೆ ನಮ್ಮವರಿಗೆ ಏನು ಹೇಳಬೇಕು ಅಂತಲೇ ಗೊತ್ತಾಗಲ್ಲ. ಕೆಲಸ ನೋಡಬೇಕು. ತುಡುವೆ ಜೇನು ತೆಗೆಯುವುದನ್ನೇ ನೋಡಿ. ಮರದ ಪೊಟರೆಗೆ ಕೈ ಹೋಗುವಷ್ಟು ಮಾತ್ರ ಬಾಯಿ ಅಗಲ ಮಾಡ್ತೇವೆ. ಹೊಗೆ ಸ್ವಲ್ಪ ಸಾಕು. ತುಪ್ಪ ಇರುವ ಎರಿ ಕೊಯ್ದುಕೊಂಡು, ಮರಿ ಇರುವ ಎರಿ ಅಲ್ಲೇ ಬಿಡ್ತೇವೆ. ಆಮೇಲೆ ಬಾಯಿಗೆ ಚಪ್ಪಟೆ ಕಲ್ಲು ಇಟ್ಟು, ಸಂದಿಗೆ ಮಣ್ಣು ಮೆತ್ತಿ, ಹುಳ ಓಡಾಡುವಷ್ಟು ತೂತು ಉಳಿಸ್ತೇವೆ. ಕಲ್ಲು ಇಟ್ಟ ಪೊಟರೆ ಅಂದರೆ ಅದಕ್ಕೊಂದು ಮನೆಯವರು ಇದ್ದಾರೆ ಅಂತ. ಬೇರೆಯವರು ಮುಟ್ಟಲ್ಲ. ಮುಟ್ಟಿದರೆ ಜಗಳ, ಹಿರಿಯರ ಮುಂದೆ ಕೂರಿಸಿ ದಂಡ. ನೀವು ಬರೆಯಬೇಕಾದ್ದು ಆ ಕಲ್ಲು, ಆ ದಂಡ. ಜೇನಿನ ಔಷಧಿ ಗುಣ ಎಲ್ಲರೂ ಬರೆದಾಗಿದೆ.

ಈಗ ಉಪ್ಪಾಗೆಗೆ ಬನ್ನಿ, ಹುಳಿ ಹಣ್ಣು ಬಿಡುವ ಕಾಡು ಮರ. 1990ರ ದಶಕದಲ್ಲಿ ಮೈ ತೂಕ ಇಳಿಸುವ ಮಾತ್ರೆಗೆ ಅದರ ಹಣ್ಣಿನ ಸಿಪ್ಪೆ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂತು, ರೇಟು ಏರಿತು. ಇಲಾಖೆ ಹರಾಜು ಹಾಕಿ ಗುತ್ತಿಗೆದಾರರಿಗೆ ಕೊಡ್ತಿತ್ತು. ಹಣ್ಣು ಬೀಳುವ ತನಕ ಕಾದವನಿಗೆ ಖಾಲಿ ಮರ. ಹಾಗಾಗಿ ಎಲ್ಲರೂ ಕಾಯಿ ಇರುವಾಗಲೇ ಕೊಂಬೆ ಸಮೇತ ಕಡಿದರು. ಸುಗ್ಗಿ ಮಳೆಗಾಲದಲ್ಲಿ, ಬಿಸಿಲಿಲ್ಲ. ಒಣಗಿಸೋಕೆ ರಾಶಿ ರಾಶಿ ಸೌದೆ ಬೇರೆ ಉರಿಯಿತು. ಕಡಿದವರಲ್ಲಿ ಜೇನಿಗೆ ಕಲ್ಲು ಇಟ್ಟವರೂ ಇದ್ದರು. ತಿಳುವಳಿಕೆ ಎಲ್ಲೂ ಹೋಗಿರಲಿಲ್ಲ. ಮರದ ಮೇಲೆ ಯಾರ ಮಾತು ನಡೆಯುತ್ತೆ ಅನ್ನೋದು ಬದಲಾಗಿತ್ತು.

ನೆರಳುಮರ (ಸಕಲೇಶಪುರ)

ಕಾನುಕೋಳಿ ಹೇಳಿದ್ದು ಸರಿ. ಆದರೆ ಬರೀ ಆದಿವಾಸಿಗಳು ಅಂತ ಯಾಕೆ ನಿಲ್ಲಿಸಬೇಕು? ನಮ್ಮ ಹಳೇ ಕಾಫಿ ತೋಟ ನೋಡಿ. ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ, ನಂದಿ, ಮತ್ತಿ ಎಲ್ಲ ಬಿಟ್ಟು ಅದರ ಕೆಳಗೆ ಕಾಫಿ. ಯಾವ ಮರ ಯಾವಾಗ ಎಲೆ ಉದುರಿಸುತ್ತೆ, ಯಾವುದರ ಬುಡ ತಂಪು, ಯಾವುದರ ಹನಿ ಬಿದ್ದರೆ ಗಿಡ ಹಾಳು, ಇದೆಲ್ಲ ನಮ್ಮ ತೋಟದ ಮೇಸ್ತ್ರಿಗೆ ಬಾಯಿಪಾಠ. ಮರಗಸಿ ಮಾಡುವವನು ಮರ ಹತ್ತಿ ಯಾವ ರೆಂಬೆ ತೆಗೆಯಬೇಕು ಅಂತ ಕೆಳಗಿನ ನೆರಳು ನೋಡಿಯೇ ಹೇಳ್ತಾನೆ.

ಈಗ ಎಲ್ಲ ಕಡೆ ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾ ಮರ. ನೇರ ಬೆಳೆಯುತ್ತೆ, ಮೆಣಸು ಹಬ್ಬಿಸಬಹುದು, ಮುಖ್ಯವಾಗಿ ಕಡಿಯೋಕೆ ಅನುಮತಿಯ ರಗಳೆ ಇಲ್ಲ. ನಾಡು ಮರ ಬೆಳೆಸಿದವನು ನಾಳೆ ಅದನ್ನು ಮುಟ್ಟಬೇಕಾದರೆ ಅರ್ಜಿ ಹಿಡಿದು ಓಡಾಡಬೇಕು. ಮರ ಉಳಿಸೋಕೆ ಅಂತ ಮಾಡಿದ ನಿಯಮದಿಂದಲೇ ನಾಡು ಮರ ಕಮ್ಮಿ ಆಯ್ತು. ಇದೂ ನಿಮ್ಮ ವಿಷಯಕ್ಕೆ ಬರುತ್ತೆ ಅಲ್ವಾ?

ಕಾನುಕೋಳಿ

ಬರುತ್ತೆ. ಮರ ಹತ್ತುವವನ ಹೆಸರೂ ಬರಲಿ. ಆ ತಿಳುವಳಿಕೆ ಮೇಸ್ತ್ರಿಯದು ಅಂತ ನೀವೇ ಹೇಳಿದಿರಿ. ತೋಟ ಯಾರದು?

ನೆರಳುಮರ

ಒಪ್ಪಿದೆ ಮಾರಾಯರೆ.

ಗಿರಿ ವಾಚರ್ (ಚಿಕ್ಕಮಗಳೂರು)

ಅರಣ್ಯ ಇಲಾಖೆಯಲ್ಲಿ ಕೆಳಗಿನ ಹುದ್ದೆಯಲ್ಲಿದ್ದು ನಿವೃತ್ತಿ ಆದವನು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲೇ ಹೆಚ್ಚು ಕಾಲ ಕಳೆದೆ. ಒಂದು ಎಚ್ಚರಿಕೆ ಹೇಳೋಣ ಅಂತ ಬರೆಯುತ್ತಿದ್ದೇನೆ. ಈ ವಿಷಯ ಓದುವ ಹುಡುಗರು ಬಂದ ಕೂಡಲೇ "ಆದಿವಾಸಿಗಳು ಕಾಡಿಗೆ ಬೆಂಕಿ ಹಾಕ್ತಿದ್ದರು, ಅದು ಒಳ್ಳೇದಂತೆ, ನೀವ್ಯಾಕೆ ತಡೀತೀರಿ" ಅಂತ ಕೇಳ್ತಾರೆ.

ನಮ್ಮ ಗಿರಿ ನೋಡಿದವರಿಗೆ ಗೊತ್ತು. ಮೇಲೆಲ್ಲ ಹುಲ್ಲು, ಕಣಿವೆ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಶೋಲಾದ ಮರಕ್ಕೆ ತೊಗಟೆ ತೆಳು, ಬೆಂಕಿ ತಾಗಿದರೆ ತಡೆಯಲ್ಲ. ಚಳಿಗಾಲದ ಇಬ್ಬನಿ ಇರುವಾಗ ಹುಲ್ಲಿಗೆ ಬೆಂಕಿ ಬಿದ್ದರೆ ಶೋಲಾದ ಅಂಚಿಗೆ ಬಂದು ಸತ್ತು ಹೋಗುತ್ತೆ. ಮಾರ್ಚ್‌ನಲ್ಲಿ ಗಾಳಿ ಎದ್ದಾಗ ಬಿದ್ದರೆ ಅಂಚು ಸುಟ್ಟು ಒಳಗೆ ನುಗ್ಗುತ್ತೆ. ಪ್ರತಿ ಸಲ ಕಾಡು ಒಂದೊಂದು ಮಾರು ಹಿಂದೆ ಸರಿಯುತ್ತೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಇಳಿಜಾರಿನಲ್ಲಿ ಬೆಂಕಿ ಬಡಿದವರಿಗೆ ಅದರ ಕಷ್ಟ ಗೊತ್ತು. ಹೊಗೆಗೆ ಕಣ್ಣು ಬಿಡೋಕಾಗಲ್ಲ, ಕಾಲ ಕೆಳಗೆ ಹುಲ್ಲು ಜಾರುತ್ತೆ, ಗಾಳಿ ತಿರುಗಿದರೆ ಓಡೋಕೆ ಜಾಗ ಇರಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಸುಮ್ನೆ ಮಾಡಿದ ಕಾನೂನಲ್ಲ.

ಟಾಪ್ ಎಂಡ್ ಹಾಸನಿಗ (ಡಾರ್ವಿನ್, ಆಸ್ಟ್ರೇಲಿಯಾ)

ಊರು ಹಾಸನ, ಈಗ ಕೆಲಸ ಡಾರ್ವಿನ್‌ನಲ್ಲಿ. ಇಲ್ಲಿನ ಬೆಂಕಿ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಗೈಡ್ ಕೊಟ್ಟ ಓದಿಗೆ ಉಪಯೋಗ ಆಗಬಹುದು.

ಉತ್ತರ ಆಸ್ಟ್ರೇಲಿಯಾದಲ್ಲಿ ಮಳೆಗಾಲ, ಒಣಗಾಲ ಎರಡೇ. ಮೂಲನಿವಾಸಿಗಳು ಒಣಗಾಲದ ಶುರುವಿನಲ್ಲಿ, ಹುಲ್ಲು ಅರ್ಧ ಹಸಿ ಇರುವಾಗ, ನಡೆದುಕೊಂಡು ಹೋಗುತ್ತಾ ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಇಬ್ಬನಿ ಬಿದ್ದರೆ ರಾತ್ರಿ ತಾನೇ ಆರಿಹೋಗುತ್ತೆ. ಸುಟ್ಟ ತುಂಡು, ಸುಡದ ತುಂಡು ಸೇರಿ ನೆಲ ಚೌಕಚೌಕವಾಗಿ ಕಾಣುತ್ತೆ. ಆಮೇಲೆ ಅವರನ್ನು ಊರುಗಳಿಗೆ, ಮಿಷನ್‌ಗಳಿಗೆ ಸಾಗಿಸಿದರು. ನೆಲದ ಮೇಲೆ ನಡೆಯುವವರೇ ಇಲ್ಲ. ಹುಲ್ಲು ಪೇರಿಸಿಕೊಂಡು ಒಣಗಾಲದ ಕೊನೆಗೆ ಸಿಡಿಲಿಗೋ ಯಾರದೋ ಕಿಡಿಗೋ ಹತ್ತಿಕೊಂಡರೆ ಸಾವಿರಾರು ಚದರ ಕಿಲೋಮೀಟರ್ ಒಟ್ಟಿಗೆ ಉರಿಯತೊಡಗಿತು.

2006ರಲ್ಲಿ ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಹಳೇ ಕ್ರಮವನ್ನು ಮತ್ತೆ ಶುರು ಮಾಡಿದರು. ಜಾಗ ಸುಮಾರು 28,000 ಚದರ ಕಿಲೋಮೀಟರ್. ಹಿರಿಯರು ಎಲ್ಲಿ, ಯಾವಾಗ ಅಂತ ಹೇಳ್ತಾರೆ. ರೇಂಜರ್ ಹುಡುಗರು ನಡೆದು, ಕೆಲವು ಕಡೆ ಹೆಲಿಕಾಪ್ಟರ್‌ನಿಂದಲೂ ಹಚ್ಚುತ್ತಾರೆ. ಕೊನೆಗಾಲದ ದೊಡ್ಡ ಬೆಂಕಿ ಕಮ್ಮಿ ಆದರೆ ಹೊಗೆಯೂ ಕಮ್ಮಿ. ಅದನ್ನು ಲೆಕ್ಕ ಹಾಕಿ ವರ್ಷಕ್ಕೆ ಸುಮಾರು 1 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ ಉಳಿತಾಯ ಅಂತ ಗುರಿ ಇಟ್ಟರು. ಆಗ ಡಾರ್ವಿನ್‌ನ ಅನಿಲ ಘಟಕ ನಡೆಸುತ್ತಿದ್ದ ಕಂಪನಿ ಇದಕ್ಕೆ ದುಡ್ಡು ಕೊಡುವ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಇದು ರೇಂಜರ್‌ಗಳಿಗೆ ಸಂಬಳ ಬರುವ ಕೆಲಸ.

ವಾಚರ್ ಸರ್, ನೀವು ಹೇಳಿದ್ದನ್ನೇ ಇಲ್ಲಿನ ಹಿರಿಯರೂ ಹೇಳ್ತಾರೆ. ಇಬ್ಬನಿ ಇರುವಾಗಿನ ಬೆಂಕಿ ಬೇರೆ, ಗಾಳಿ ಎದ್ದ ಮೇಲಿನ ಬೆಂಕಿ ಬೇರೆ. ಕಾಡ್ಗಿಚ್ಚು ದಾಟದ ಹಾಗೆ ನಿಮ್ಮ ಇಲಾಖೆ ಚಳಿಗಾಲದಲ್ಲಿ ಬೆಂಕಿ ಗೆರೆ ಸುಡುತ್ತಿತ್ತಲ್ಲ, ಅದೂ ಬೆಂಕಿಯೇ ಅಲ್ವಾ?

ಗಿರಿ ವಾಚರ್

ಹೌದು, ಫೈರ್ ಲೈನ್ ಸುಡುತ್ತಿದ್ದೆವು. ಬೆಳಗಿನ ಜಾವ, ಎರಡೂ ಬದಿ ಜನ ನಿಲ್ಲಿಸಿ. ಎಲ್ಲಿಂದ ಹಚ್ಚಿದರೆ ಎಲ್ಲಿ ನಿಲ್ಲುತ್ತೆ ಅಂತ ತೋರಿಸುತ್ತಿದ್ದವರು ದನ ಮೇಯಿಸುವ ಮುದುಕರು. ದಿನಗೂಲಿ ಪಟ್ಟಿಯಲ್ಲಿ ಅವರ ಹೆಸರು ಇರುತ್ತಿತ್ತು. ವರದಿಯಲ್ಲಿ ಇರುತ್ತಿರಲಿಲ್ಲ.

ಆದರೂ ಹೇಳ್ತೇನೆ, ಆಸ್ಟ್ರೇಲಿಯಾದ ಬಯಲನ್ನು ತಂದು ಗಿರಿ ಮೇಲೆ ಹಾಸಬೇಡಿ. ಮಳೆ ಬೇರೆ, ಮರ ಬೇರೆ, ಪ್ರವಾಸಿಗರ ಕಾಟ ಬೇರೆ.

ಎಲೆಮರೆ (ಮೂಡಿಗೆರೆ)

ಅಷ್ಟು ದೂರ ಹೋಗೋದು ಬೇಡ, ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಉದಾಹರಣೆ ಇದೆ. ನಾನು ಮೇಷ್ಟ್ರಾಗಿ ಆ ಕಡೆ ಸ್ವಲ್ಪ ಕಾಲ ಇದ್ದೆ.

ಸೋಲಿಗರು ಹಚ್ಚುತ್ತಿದ್ದುದು ತರಗುಬೆಂಕಿ. ಉದುರಿದ ತರಗೆಲೆ ಮಾತ್ರ ಸುಡುವ, ಮೊಣಕಾಲೆತ್ತರವೂ ಏಳದ ಬೆಂಕಿ. ವರ್ಷದ ಮೊದಲ ತಿಂಗಳುಗಳಲ್ಲಿ, ಬಿಸಿಲು ಬಲಿಯುವ ಮುಂಚೆ. 1974ರಲ್ಲಿ ಆ ಕಾಡು ಅಭಯಾರಣ್ಯ ಆಯ್ತು. ಜನ ಒಳಗಿನ ನೆಲೆಗಳಿಂದ ರಸ್ತೆ ಬದಿಗೆ ಬಂದರು, ಬೆಂಕಿ ನಿಂತಿತು. ಬೇರೆ ಕಾರಣಗಳೂ ಸೇರಿ ಲಂಟಾನ ಅನ್ನೋ ಕಳೆ ಗಿಡ ಹಬ್ಬಿತು. ಸಂಶೋಧಕರು ಒಂದೇ ಜಾಗಗಳನ್ನು 1997ರಲ್ಲೂ 2008ರಲ್ಲೂ ಅಳೆದು ನೋಡಿದಾಗ ಲಂಟಾನ ಇರುವ ಜಾಗ ಹೆಚ್ಚೂ ಕಮ್ಮಿ ಇಮ್ಮಡಿ ಆಗಿತ್ತು. ಸೋಲಿಗರು ಅದನ್ನು ಬಹಳ ಹಿಂದಿನಿಂದ ಹೇಳ್ತಿದ್ದರು. ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿ ಆಗಿದ್ದೂ ಬೆಂಕಿ ನಿಂತ ಮೇಲೆಯೇ ಅಂತ ಅವರ ಮಾತು.

ಆಮೇಲೆ ಆಗಿದ್ದು ಇನ್ನೂ ಮುಖ್ಯ. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಅಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಅಲ್ಲೇ. ಅದಕ್ಕೂ ಮೊದಲು ಅವರು ತಮ್ಮ ದೇವರು, ಮಾರಮ್ಮ, ವೀರರ ಜಾಗಗಳನ್ನೆಲ್ಲ ನಡೆದು ಗುರುತು ಮಾಡಿ ನಕ್ಷೆ ಮಾಡಿದ್ದರು. ಯಾವ ಕುಲಕ್ಕೆ ಯಾವ ಎಲ್ಲೆ ಅನ್ನೋದು ಆ ನಕ್ಷೆಯಲ್ಲಿ ಕಾಣುತ್ತೆ. ಹೇಮಾವತಿ ದಂಡೆಯವರೇ, ನೀವು ಮಾಡಬೇಕು ಅಂದುಕೊಂಡಿರುವ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅದನ್ನು ಮಾಡಿದವರು ಅವರೇ, ಅವರ ಕೆಲಸಕ್ಕೆ.

ಬಯಲುಸೀಮೆ ಬಸವಣ್ಣ (ಅರಸೀಕೆರೆ)

ಎಲ್ಲರೂ ಹಳೇ ಕಾಲ ಅಂದರೆ ಬಂಗಾರ ಅಂತಿದ್ದೀರಿ. ಸ್ವಲ್ಪ ಕಹಿ ಕುಡೀರಿ.

ನಮ್ಮ ಕಡೆ ಕೆರೆ ಕಾಯುತ್ತಿದ್ದವನು ನೀರುಗಂಟಿ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಬಿದ್ದಾಗ ಏರಿ ಮೇಲೆ ರಾತ್ರಿ ಕಾವಲು, ಎಲ್ಲ ಅವನದೇ. ಬರಗಾಲದಲ್ಲಿ ಎಷ್ಟು ಗದ್ದೆಗೆ ನೀರು ಸಾಲುತ್ತೆ ಅಂತ ಕೆರೆ ಅಂಗಳದ ಗುರುತು ಕಲ್ಲು ನೋಡಿ ಹೇಳ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಈಸಿಕೊಳ್ಳುತ್ತಿದ್ದ. ಇದನ್ನು ಓದಿದವರೆಲ್ಲ ಆಹಾ ಅಂತಾರೆ. ಆ ಕೆರೆ ಕೆಳಗೆ ಅವನಿಗೆ ಎಷ್ಟು ಗದ್ದೆ ಇತ್ತು ಅಂತ ಕೇಳಿ. ನಮ್ಮೂರಲ್ಲಿ ಇರಲಿಲ್ಲ. ದಲಿತರ ಮನೆ, ಮೊಳ ಗದ್ದೆ ಇಲ್ಲ. ಎಲ್ಲರಿಗೂ ಸಮ ನೀರು ಕೊಡ್ತಾನೆ ಅಂತ ಅವನನ್ನು ಇಟ್ಟಿದ್ದೇ ಅವನಿಗೆ ಜಮೀನಿಲ್ಲ ಅಂತ! ಈಗ ಅವನ ಮೊಮ್ಮಗ ಬೆಂಗಳೂರಲ್ಲಿದ್ದಾನೆ. ಹಳೇ ಕೆಲಸ ಬಿಟ್ಟಿದ್ದಕ್ಕೆ ಅವನಿಗೆ ಎಳ್ಳಷ್ಟೂ ದುಃಖ ಇಲ್ಲ.

ಮಲೆನಾಡಿನ ಸೊಪ್ಪಿನಬೆಟ್ಟವೂ, ಅಂದರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡೂ, ಅಷ್ಟೇ. ಅಡಿಕೆ ತೋಟ ಇರುವವನಿಗೆ ಸೊಪ್ಪಿನ ಹಕ್ಕು. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಬಿಟ್ಟಿದ್ದರು. ತೋಟ ಇಲ್ಲದವನಿಗೆ? ಸೊಪ್ಪು ಹೊರುವ ಕೂಲಿ.

ದೇವರಕಾಡಿನ ಮಾತಿಗೆ ಬಂದರೆ, ಉಳಿದಿದ್ದು ದೇವರ ಭಯಕ್ಕೆ. ಈಗ ದೇವರು ಕಾಂಕ್ರೀಟ್ ಗುಡಿಗೆ ಹೋಗಿದೆ. ಗುಡಿ ಮುಂದೆ ಕಾರು ನಿಲ್ಲಿಸೋಕೆ ಮರ ಕಡಿದಿದ್ದಾರೆ. ಕಡಿದವರು ಊರವರೇ.

ನೆರಳುಮರ

ಭಯಕ್ಕೆ ಉಳಿದರೇನು, ಉಳಿದಿದೆಯಲ್ಲ. ಶೃಂಗೇರಿಯಲ್ಲಿ ಹೊಳೆ ಮೀನು ನೋಡಿದ್ದೀರಲ್ಲ? ಸ್ನಾನಘಟ್ಟದ ಹತ್ತಿರ ತುಂಗೆಯಲ್ಲಿ ಮೊಣಕೈ ಉದ್ದದ ಮೀನುಗಳು ಮಂಡಕ್ಕಿಗೆ ಮುತ್ತಿಕೊಳ್ಳುತ್ತವೆ. ಯಾರೂ ಬಲೆ ಹಾಕಲ್ಲ.

ಬಯಲುಸೀಮೆ ಬಸವಣ್ಣ

ಆ ತುಂಡು ಹೊಳೆಯಲ್ಲಿ ಹಾಕಲ್ಲ. ಮೀನಿಗೆ ಗಡಿ ಗೊತ್ತಿಲ್ಲ ಸ್ವಾಮಿ. 1996ರಲ್ಲಿ ಘಟ್ಟದ ಕೆಳಗೆ ಶಿಶಿಲದಲ್ಲಿ ದೇವರ ಮೀನಿಗೇ ವಿಷ ಹಾಕಿದರು. ದೇವರ ಭಯ ಎಲ್ಲರಿಗೂ ಇರಲ್ಲ.

ಎಲೆಮರೆ

ಬಸವಣ್ಣನವರ ಮಾತಲ್ಲಿ ಸತ್ಯ ಇದೆ, ಆದರೆ ಅದು ವಿಷಯ ಬಿಡೋಕೆ ಕಾರಣ ಅಲ್ಲ. ಒಂದು ಕ್ರಮ ಕೆರೆ ಕಾಯಿತು, ಅದೇ ಕ್ರಮ ಮನುಷ್ಯನನ್ನು ತುಳಿಯಿತು. ಎರಡನ್ನೂ ಬರೆಯಬೇಕು. ನೀರುಗಂಟಿಯ ಮೊಮ್ಮಗನನ್ನು ಮಾತಾಡಿಸದ ಪ್ರಾಜೆಕ್ಟ್ ಅರ್ಧ ಪ್ರಾಜೆಕ್ಟ್.

ಹಾಗೇ ಬೇಲೂರು ತಾಲೂಕಿನ ಅಂಗಡಿಹಳ್ಳಿಯ, ಬೇಟೆ ಆಡಿ ಬದುಕುತ್ತಿದ್ದ ಹಕ್ಕಿಪಿಕ್ಕಿ ಜನರ ಬಗ್ಗೆಯೂ ಯೋಚಿಸಿ. ಬಲೆ, ಉರುಲು, ಹಕ್ಕಿಯ ಕೂಗು, ಪ್ರಾಣಿಯ ಜಾಡು ಅವರಷ್ಟು ಚೆನ್ನಾಗಿ ಓದುವವರು ಕಮ್ಮಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಈಗ ಗಿಡಮೂಲಿಕೆ ಎಣ್ಣೆ ಮಾರುತ್ತಾ ಆಫ್ರಿಕಾ ತನಕ ಹೋಗ್ತಾರೆ. 2023ರಲ್ಲಿ ಸುಡಾನ್ ಗಲಭೆಯಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಅವರೂ ಇದ್ದರು. ಕಾಡು ಕಾಯುವ ಜನ ಅಂದರೆ ನಮಗೆ ಜೇನು ತೆಗೆಯುವವರು ನೆನಪಾಗ್ತಾರೆ, ಬೇಟೆಯವರು ನೆನಪಾಗಲ್ಲ. ಯಾವ ಕಾಲಕ್ಕೆ ಯಾವ ಹಕ್ಕಿ ಹಿಡಿಯಬಾರದು ಅಂತ ಅವರಲ್ಲೂ ಕಟ್ಟುಪಾಡು ಇತ್ತಾ ಅಂತ ಯಾರಾದರೂ ಕೇಳಬೇಕು.

ಹೇಮಾವತಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ನಿರೀಕ್ಷಿಸಿದ್ದಕ್ಕಿಂತ ಜಾಸ್ತಿ ಸಿಕ್ಕಿತು, ತಲೆಬಿಸಿಯೂ ಜಾಸ್ತಿ ಆಯ್ತು. ಒಂದು ಪ್ರಶ್ನೆ. ನ್ಯೂಜಿಲೆಂಡ್‌ನಲ್ಲಿ ಒಂದು ನದಿಗೆ ಮನುಷ್ಯನ ಹಾಗೆ ಕಾನೂನಿನ ಹಕ್ಕು ಕೊಟ್ಟಿದ್ದಾರೆ ಅಂತ ಓದಿದೆ. ಹೇಮಾವತಿಗೂ ಹಾಗೆ ಕೊಟ್ಟರೆ ಅಂತ ಒಂದು ಅಧ್ಯಾಯ ಬರೆಯಬಹುದಾ? ನದಿ ಹುಟ್ಟುವುದೂ ನಮ್ಮ ಪಕ್ಕದ ಮೂಡಿಗೆರೆ ತಾಲೂಕಿನ ಜಾವಳಿ ಹತ್ತಿರ.

ಕರಿಕೋಟು (ಹಾಸನ)

ವಕೀಲಿ ಮಾಡ್ತೇನೆ. ಬರೆಯಬಹುದು, ಆದರೆ ಎರಡು ಕಥೆ ಅಕ್ಕಪಕ್ಕ ಇಟ್ಟು ಬರೆಯಿರಿ. ಎರಡೂ 2017ರ ಮಾರ್ಚ್‌ನವು.

ನ್ಯೂಜಿಲೆಂಡ್‌ನ ವಾಂಗನುಯಿ ನದಿಗೆ ಸಂಸತ್ತು ಕಾಯ್ದೆ ಮಾಡಿ ವ್ಯಕ್ತಿಯ ಸ್ಥಾನ ಕೊಟ್ಟಿತು. ಅದರ ಹಿಂದೆ ಅಲ್ಲಿನ ಮಾವೊರಿ ಜನ 1870ರ ದಶಕದಿಂದ ನಡೆಸಿದ ಹೋರಾಟ ಇತ್ತು. ನದಿಯ ಪರವಾಗಿ ಮಾತಾಡೋಕೆ ಇಬ್ಬರು: ಒಬ್ಬರನ್ನು ಸರ್ಕಾರ ನೇಮಿಸುತ್ತೆ, ಇನ್ನೊಬ್ಬರನ್ನು ನದಿಯ ಜನ. ಜೊತೆಗೆ ಪರಿಹಾರದ ದುಡ್ಡು, ನದಿಗೊಂದು ನಿಧಿ.

ಅದೇ ತಿಂಗಳು ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಗೂ ವ್ಯಕ್ತಿಯ ಸ್ಥಾನ ಕೊಟ್ಟಿತು. ಪೋಷಕರು ಯಾರು? ನಮಾಮಿ ಗಂಗೆ ನಿರ್ದೇಶಕರು, ರಾಜ್ಯದ ಮುಖ್ಯ ಕಾರ್ಯದರ್ಶಿ, ಅಡ್ವೊಕೇಟ್ ಜನರಲ್. ದಂಡೆಯ ಜನ ಒಬ್ಬರೂ ಇಲ್ಲ. ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟ್‌ಗೆ ಓಡಿತು. ಪ್ರವಾಹ ಬಂದು ಮನೆ ಹೋದರೆ ನದಿ ಮೇಲೆ ಕೇಸ್ ಹಾಕ್ತಾರಾ, ಪರಿಹಾರ ನಾವು ಕೊಡಬೇಕಾ ಅಂತ. ಜುಲೈನಲ್ಲಿ ತಡೆಯಾಜ್ಞೆ ಬಂತು. ಹೆಸರು ಒಂದೇ, ಒಳಗಿನ ಹೂರಣ ಬೇರೆ.

ನಮ್ಮ ಜಿಲ್ಲೆಗಳಿಗೆ ಹತ್ತಿರದ ಕಾನೂನು ಬೇಕಿದ್ದರೆ ಅರಣ್ಯ ಹಕ್ಕು ಕಾಯ್ದೆ 2006 ಓದಿ. ಮನೆ, ಗದ್ದೆಯ ಹಕ್ಕಿನ ಬಗ್ಗೆ ಮಾತ್ರ ಎಲ್ಲರೂ ಮಾತಾಡ್ತಾರೆ. ಅದರಲ್ಲಿ ಸಮುದಾಯ ಅರಣ್ಯ ಸಂಪನ್ಮೂಲವನ್ನು ಕಾಯುವ, ನಿರ್ವಹಿಸುವ ಹಕ್ಕೂ ಇದೆ, ಅದು ಗ್ರಾಮಸಭೆಗೆ. ಬುಡಕಟ್ಟಿನವರಲ್ಲದ ಕಾಡಿನ ಜನರಿಗೆ 75 ವರ್ಷದ ವಾಸದ ಸಾಕ್ಷಿ ಬೇಕು. ಬುಡಕಟ್ಟಿನವರಿಗೂ ಇವರಿಗೂ 2005ರ ಡಿಸೆಂಬರ್ 13 ಗಡಿ ದಿನ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷಿಯಾಗಿ ನೋಡುತ್ತಾರೆ, ಜೊತೆಗೆ ಇನ್ನೊಂದು ಸಾಕ್ಷಿ ಇರಬೇಕು. ನೀವು ಮಾಡುವ ಸಂದರ್ಶನ ಯಾರದೋ ಅರ್ಜಿಗೆ ಉಪಯೋಗ ಆಗಬಹುದು, ಹಾಗೇ ಯಾರದೋ ಅರ್ಜಿ ತಿರಸ್ಕರಿಸೋಕೂ ಉಪಯೋಗ ಆಗಬಹುದು. ಜಾಗ್ರತೆ.

ಕಾನುಕೋಳಿ

ಕೊನೆಯ ಸಾಲು ದಪ್ಪ ಅಕ್ಷರದಲ್ಲಿ ಓದಿ. "ನಾವು ಇಂಥ ಕಡೆ ಚಕ್ಕೆ ತೆಗೀತೇವೆ" ಅಂತ ಅಜ್ಜ ಹೇಳಿದ್ದು ನಿಮ್ಮ ನಕ್ಷೆಯಲ್ಲಿ ಚುಕ್ಕೆ ಆದರೆ ನಾಳೆ ಅಲ್ಲಿಗೆ ವ್ಯಾಪಾರಿಯೂ ಬರ್ತಾನೆ, ಕೇಸ್ ಹಾಕುವವರೂ ಬರ್ತಾರೆ.

ಕೇರಳದ ಕಾಣಿ ಜನರ ಕಥೆ ಓದಿಕೊಳ್ಳಿ. 1987ರಲ್ಲಿ ಅಗಸ್ತ್ಯ ಬೆಟ್ಟಕ್ಕೆ ಹೋದ ವಿಜ್ಞಾನಿಗಳಿಗೆ ದಾರಿ ತೋರಿಸಿದವರು ಅವರು. ಒಂದು ಕಾಯಿ ತಿಂದುಕೊಂಡು ಸುಸ್ತಿಲ್ಲದೆ ನಡೀತಿದ್ದರು. ಅದು ಆರೋಗ್ಯಪಚ್ಚ. ಅದರಿಂದ ಜೀವನಿ ಅಂತ ಔಷಧಿ ಆಯ್ತು. 1995ರಲ್ಲಿ ಒಂದು ಕಂಪನಿಗೆ ಪರವಾನಗಿ ಕೊಟ್ಟಾಗ ಬಂದ ದುಡ್ಡಲ್ಲಿ ಅರ್ಧ ಕಾಣಿಗಳಿಗೆ ಅಂತ ಆಯ್ತು. ದೇಶಕ್ಕೆಲ್ಲ ಮಾದರಿ ಅಂತ ಹೊಗಳಿದರು. ಆದರೆ ಹೇಳಿದವರು ಕೆಲವರೇ, ಎಲ್ಲರನ್ನೂ ಕೇಳಿರಲಿಲ್ಲ ಅಂತ ಅವರೊಳಗೇ ಜಗಳ. ಗಿಡ ಕೊಯ್ಯೋಕೆ ಅರಣ್ಯ ಇಲಾಖೆ ಅಡ್ಡಿ. ಅಷ್ಟು ಒಳ್ಳೇ ಮನಸ್ಸಿನಿಂದ ಮಾಡಿದ್ದರಲ್ಲೇ ಇಷ್ಟು ತೊಡಕು.

ನೀವು ಬರೋದಾದರೆ ನನ್ನ ಮೂರು ಮಾತು. ಗಿಡದ ಹೆಸರು, ಜಾಗ ಪ್ರಕಟಿಸೋ ಮುಂಚೆ ನಮಗೆ ಓದಿ ಹೇಳಬೇಕು. ಬೇಡ ಅಂದರೆ ತೆಗೆಯಬೇಕು. ಕನ್ನಡದಲ್ಲಿ ಒಂದು ಪ್ರತಿ ಊರಿಗೆ ಕೊಡಬೇಕು.

ತುಪ್ಪಟ (ಕಡೂರು)

ತಡವಾಗಿ ನೋಡಿದೆ. ಎಲ್ಲರೂ ಕಾಡು ಕಾಡು ಅಂತಿದ್ದೀರಿ. ಹುಲ್ಲು ಯಾರಿಗೂ ಬೇಡ ಅಲ್ವಾ?

ಕಡೂರು, ತರೀಕೆರೆ, ಅಜ್ಜಂಪುರ, ಅರಸೀಕೆರೆ ಕಡೆ ಅಮೃತ್ ಮಹಲ್ ಕಾವಲು ಇದೆ, ಕಾವಲು ಅಂದರೆ ದನಕ್ಕೆ ಅಂತ ಬಿಟ್ಟ ಹುಲ್ಲುಗಾವಲು. ಆ ದನದ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಹೆಸರು, ಟಿಪ್ಪು ಕಾಲಕ್ಕೆ ಅಮೃತ್ ಮಹಲ್. ಸೈನ್ಯದ ಸಾಮಾನು, ಫಿರಂಗಿ ಎಳೆಯುವ ಎತ್ತಿನ ತಳಿ. ಆ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಅಂತ ವಿಂಗಡಿಸಿದ್ದರು. ಬೇಸಿಗೆಯದು ಕೆರೆ ಅಂಗಳ, ಮರದ ನೆರಳು ಇರುವ ಜಾಗ, ಅದಕ್ಕೆ ಬೆಲೆ ಜಾಸ್ತಿ. ಸೇರ್ವೆಗಾರರು ದನ ಹೊಡೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗೋರು. ಒಂದು ಕಾವಲು ಮೇಯುವಾಗ ಇನ್ನೊಂದು ಚಿಗುರುತ್ತೆ. ಈಗ ಇದನ್ನೇ ಪೇಟೆಯಿಂದ ಬಂದವರು ಪವರ್‌ಪಾಯಿಂಟ್ ಹಾಕಿ ನಮಗೆ ಹೇಳಿಕೊಡ್ತಾರೆ.

ನಮ್ಮದು ಕುರಿ. ನಮ್ಮ ಮಾವ ಕಾವಲಿಗೆ ಮಂದೆ ಬಿಡೋ ಮುಂಚೆ ಹುಲ್ಲಿನ ತೆನೆ ಕೈಯಲ್ಲಿ ಉಜ್ಜಿ ನೋಡ್ತಾರೆ. ಬೀಜದ ತುದಿಯ ಮುಳ್ಳು ಬಲಿತಿದ್ದರೆ ಮಂದೆ ಒಳಗೆ ಬಿಡಲ್ಲ. ಅದು ತುಪ್ಪಟದಲ್ಲಿ ಸಿಕ್ಕಿಕೊಂಡು ಚರ್ಮಕ್ಕೆ ಇಳಿಯುತ್ತೆ, ಕುರಿ ಮೇಯೋದು ಬಿಡುತ್ತೆ, ಉಣ್ಣೆಯೂ ಹಾಳು. ಬೀಜ ಉದುರುವ ತನಕ ಅಂಚಿನಲ್ಲೇ ಮೇಯಿಸಬೇಕು. ಮಾವ ಮಾಡೋದು ಕುರಿಗೋಸ್ಕರ. ಹುಲ್ಲು ಬೀಜ ಉದುರಿಸಿಕೊಂಡು ಮುಂದಿನ ವರ್ಷಕ್ಕೆ ಉಳಿಯೋದು ಅದರಿಂದಲೇ. ಸುಗ್ಗಿ ಆದ ಮೇಲೆ ರಾಗಿ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸ್ತೇವೆ. ಹೊಲದವರು ಗೊಬ್ಬರಕ್ಕೆ ಕಾಳೋ ದುಡ್ಡೋ ಕೊಡ್ತಾರೆ. ಅಲ್ಲಿಗೆ ಕಾವಲಿಗೂ ಬಿಡುವು.

ನಮ್ಮ ಗೋಳು ಇಷ್ಟೇ. ಸರ್ಕಾರದ ಕಡತದಲ್ಲಿ ಹುಲ್ಲುಗಾವಲು ಅಂದರೆ ಖಾಲಿ ಜಾಗ. ಅಲ್ಲಿ ಗುಂಡಿ ತೋಡಿ ಅಕೇಶಿಯಾ, ನೀಲಗಿರಿ ಹಾಕಿದರು, ಗಿಡ ನೆಟ್ಟರೆ ಪರಿಸರ ಅಂತ ಫೋಟೋ. ಮರ ಬಂದರೆ ಹುಲ್ಲು ಹೋಯ್ತು, ಕೃಷ್ಣಮೃಗವೂ ಹೋಯ್ತು. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕೆ ಅಂತ ಸಂರಕ್ಷಣಾ ಮೀಸಲು ಮಾಡಿದರು, ಸುಮಾರು 736 ಹೆಕ್ಟೇರ್. ಒಳ್ಳೇದೇ. ಆದರೆ ಕೃಷ್ಣಮೃಗ ಅಷ್ಟು ಕಾಲ ಅಲ್ಲಿ ಉಳಿದಿದ್ದು ದನ, ಕುರಿ ಮೇಯುತ್ತಿದ್ದ ಹುಲ್ಲಲ್ಲೇ. ಅದನ್ನು ಯಾರೂ ಕೇಳಲ್ಲ.

ಕರಿಕೋಟು

ಕೆಣಕೋಕೆ ಕೇಳ್ತೇನೆ. ಇದು ರಾಜನ ಇಲಾಖೆ ಮಾಡಿದ ವ್ಯವಸ್ಥೆ. ಮೂಲನಿವಾಸಿಗಳ ಕ್ರಮ ಅಂತ ಇದನ್ನು ಕರೆಯಬಹುದಾ?

ತುಪ್ಪಟ

ಕರೀರಿ, ಬಿಡಿ. ಕಾವಲಿಗೆ ಗಡಿಕಲ್ಲು ಹಾಕಿದ್ದು ರಾಜ. ಯಾವ ಹುಲ್ಲು ಯಾವಾಗ ಅಂತ ರಾಜನಿಗೆ ಹೇಳಿದವರು ಯಾರು? ಅದಂತೂ ಅರಮನೆಯಲ್ಲಿ ಹುಟ್ಟಿದ ವಿದ್ಯೆ ಅಲ್ಲ.

ಎಲೆಮರೆ

ಕರಿಕೋಟು ಪ್ರಶ್ನೆಯನ್ನೇ ಪ್ರಾಜೆಕ್ಟ್‌ನ ಮೊದಲ ಅಧ್ಯಾಯ ಮಾಡಬಹುದು. ಪಾಲನೆ ಅರಮನೆಯದು, ತಿಳುವಳಿಕೆ ದನಗಾಹಿಯದು. ಅರಮನೆ ಹೋಯ್ತು, ಇಲಾಖೆ ಬಂತು, ದನಗಾಹಿ ಇನ್ನೂ ಇದ್ದಾನೆ. ಮಳೆ, ಚಳಿ, ಬೇಸಿಗೆ ಕಾವಲುಗಳ ಪಟ್ಟಿ ಹಳೇ ಮೈಸೂರು ಗೆಜೆಟಿಯರ್‌ಗಳಲ್ಲಿ ಸಿಗುತ್ತೆ. ಅದರಲ್ಲಿ ಎಷ್ಟು ಕಾವಲು ಈಗ ಏನಾಗಿದೆ ಅಂತ ನೋಡಿದರೂ ಒಂದು ಒಳ್ಳೇ ಕೆಲಸ.

ಹೇಮಾವತಿ ದಂಡೆ

ಗೈಡ್ ಹತ್ತಿರ ಮಾತಾಡಿದೆ. ದೇವರಕಾಡಿನ ಪಟ್ಟಿ ಬಿಟ್ಟೆ. ಕಡೂರು ಕಡೆಯ ಒಂದೇ ಕಾವಲು, ಅಲ್ಲಿ ಮೇಯಿಸುವವರು, ಯಾರು ಯಾವಾಗ ಒಳಗೆ ಬಿಡಬಹುದು ಅಂತ ತೀರ್ಮಾನ ಮಾಡುವವರು, ಇಷ್ಟೇ. ಅವರು ಒಪ್ಪಿದರು. "ಹುಲ್ಲಿನ ಸ್ಯಾಂಪಲ್ ಕೂಡ ತೆಗಿ, ಇಲ್ಲದಿದ್ದರೆ ಇದು ಸಮಾಜಶಾಸ್ತ್ರ ಅಂತಾರೆ" ಅಂದರು. ಕಾನುಕೋಳಿಯವರ ಮೂರು ಮಾತನ್ನು ಒಪ್ಪಿಗೆ ಪತ್ರದಲ್ಲಿ ಸೇರಿಸ್ತೇನೆ. ತುಪ್ಪಟ ಅವರೇ, ಯಾವಾಗ ಬಂದರೆ ನಿಮ್ಮ ಮಾವ ಸಿಗ್ತಾರೆ?

ತುಪ್ಪಟ

ದೀಪಾವಳಿ ಆದ ಮೇಲೆ ಬನ್ನಿ. ಈಗ ಬಂದರೆ ಮಂದೆ ಮಲೆನಾಡ ಅಂಚಿಗೆ ಹೋಗಿರುತ್ತೆ. ಬೆಳಿಗ್ಗೆ ಮಾತಾಡಿಸೋಕೆ ಹೋಗಬೇಡಿ, ಆಗ ಅವರಿಗೆ ಕೋಪ ಜಾಸ್ತಿ. ಮಧ್ಯಾಹ್ನ ಕುರಿ ನೆರಳಿಗೆ ಮಲಗಿದಾಗ ಅವರೇ ಮಾತು ಶುರು ಮಾಡ್ತಾರೆ. ನಿಲ್ಲಿಸೋಕೆ ಕಷ್ಟ. ನಾಯಿ ಇದೆ, ಕೋಲು ಎತ್ತಬೇಡಿ.

ಗಿರಿ ವಾಚರ್

ಮೀಸಲಿನೊಳಗೆ ಹುಲ್ಲಿನ ಸ್ಯಾಂಪಲ್ ತೆಗೆಯೋದಾದರೆ ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಬೇಕು. ಕಾಲೇಜಿನ ಲೆಟರ್‌ಹೆಡ್, ಗೈಡ್ ಸಹಿ, ಸೀಲು, ಯಾವ ತಿಂಗಳು, ಯಾವ ಜಾಗ ಎಲ್ಲ ಬರೆಸಿ. ಅರ್ಜಿ ಈಗಲೇ ಹಾಕಿ, ದೀಪಾವಳಿ ಹೊತ್ತಿಗೆ ಸಿಕ್ಕರೆ ಪುಣ್ಯ. ನಕಲು ಒಂದು ಜೇಬಲ್ಲಿ ಇಟ್ಟುಕೊಂಡಿರಿ. ವಾಚರ್ ಕೇಳಿದರೆ ಜಗಳ ಆಡಬೇಡಿ, ತೋರಿಸಿ. ಅವನಿಗೂ ಎಲ್ಲಿ ಯಾವ ಹುಲ್ಲು ಅಂತ ಗೊತ್ತಿರುತ್ತೆ, ಕೇಳಿ ನೋಡಿ.